ಜಪಾನ್ ನಾಣ್ಯಗಳ ಆಲ್ಬಂ: ಈ ಸಲ ಅಂಚು ನೋಡಿ

ಗಿಜಾ-ಜೂ ಸಾಲು ಮುಗಿಯಿತು. ಅಂಚಿನಲ್ಲಿ ಗೀರು ಇರುವ ಹಳೇ 10 ಯೆನ್‌ಗೆ ಜಪಾನಿನವರು ಇಟ್ಟ ಹೆಸರು ಅದು. 1951ರಿಂದ 1958ರವರೆಗಿನ ಕಂಚಿನ ನಾಣ್ಯಗಳು, ಮೇಲೆ ಉಜಿಯ ಬ್ಯೊಡೊಇನ್ ದೇವಾಲಯದ ಮಂಟಪ. 1956ರ ಪಾಕೆಟ್ ಮಾತ್ರ ಖಾಲಿ. ಆ ವರ್ಷ 10 ಯೆನ್ ಅಚ್ಚು ಹಾಕಲೇ ಇಲ್ಲ, ಹಾಗಾಗಿ ಯಾರಾದರೂ ಮಾರಲು ಬಂದರೆ ಕೈಮುಗಿದು ಕಳಿಸಿಬಿಡಿ. ಇಸವಿ ತಿಳಿಯುವುದು ಸುಲಭ. ನಾಣ್ಯದ ಮೇಲಿನ ಶೋವಾ ವರ್ಷಕ್ಕೆ, ಅಂದರೆ ಆಗಿನ ಚಕ್ರವರ್ತಿಯ ಆಳ್ವಿಕೆಯ ವರ್ಷಕ್ಕೆ, 1925 ಕೂಡಿಸಿದರೆ ಆಯ್ತು.

ಜೋಡಿಸುತ್ತಾ ಕೂತಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಎಲ್ಲರೂ ಚಿತ್ರ ನೋಡುತ್ತಾರೆ, ಆದರೆ ಯುದ್ಧದ ನಂತರದ ಈ ನಾಣ್ಯಗಳ ಕಥೆ ಇರುವುದು ಅಂಚಿನಲ್ಲಿ ಮತ್ತು ತೂತಿನಲ್ಲಿ. 1955ರಲ್ಲಿ 50, 1957ರಲ್ಲಿ ಬೆಳ್ಳಿಯ 100 ಬಂತು, ಎರಡಕ್ಕೂ ಗೀರಂಚು. ಕಡಿಮೆ ಬೆಲೆಯ 10ಕ್ಕೆ ಅದು ಇನ್ಯಾಕೆ ಅಂತ 1959ರಿಂದ ನುಣ್ಣಗೆ ಮಾಡಿದರು. 50 ಮತ್ತು 100 ಒಂದೇ ಥರ ಕಾಣುತ್ತವೆ ಅಂತ ತಕರಾರು ಬಂದಿದ್ದಕ್ಕೆ ಅದೇ ವರ್ಷ 50ಕ್ಕೆ ತೂತು ಬಿತ್ತು.

5 ಯೆನ್‌ನದ್ದೂ ಅದೇ ಪಾಡು. 1948ರ ಹಿತ್ತಾಳೆಯದಕ್ಕೆ ತೂತಿಲ್ಲ, ಆಗಿನ 1 ಯೆನ್ ಕೂಡ ಹಿತ್ತಾಳೆಯೇ, ಗೊಂದಲ ಆಗದೇ ಇರುತ್ತಾ? 1949ರಲ್ಲಿ ನಡುವೆ ತೂತು ಕೊರೆದರು, ಲೋಹವೂ ಉಳಿಯಿತು. ನನಗೆ ಇಡೀ ಸಾಲಿನಲ್ಲಿ ಇದೇ ಇಷ್ಟ. ಭೂತಗನ್ನಡಿ ಹಿಡಿದರೆ ಬಾಗಿದ ಭತ್ತದ ತೆನೆ, ತೂತಿನ ಸುತ್ತ ಗೇರ್‌ನ ಹಲ್ಲು, ಕೆಳಗೆ ನೀರಿನ ಗೆರೆಗಳು: ಬೇಸಾಯ, ಕಾರ್ಖಾನೆ, ಮೀನುಗಾರಿಕೆ, ಮೂರೂ 22 ಮಿ.ಮೀ. ಅಗಲದಲ್ಲಿ! ಆದರೆ 5 ಅನ್ನೋ ಅಂಕಿ ಎಲ್ಲೂ ಇಲ್ಲ, ಬರೀ ಜಪಾನಿ ಅಕ್ಷರ. ಹೊರಗಿನಿಂದ ಹೋದವರು ಕೌಂಟರ್ ಮುಂದೆ ತಬ್ಬಿಬ್ಬಾಗುವುದು ಸಹಜ ಅಲ್ವಾ.

500ರ ಮೂರೂ ಬಗೆ ಸಿಕ್ಕಿವೆ. 1982ರದ್ದಕ್ಕೆ ಅಂಚಿನಲ್ಲಿ ಅಕ್ಷರ. ಕೊರಿಯಾದ 500 ವಾನ್ ನಾಣ್ಯ ಅದೇ ಅಗಲ, ಅದೇ ಲೋಹ, ಬೆಲೆ ಮಾತ್ರ ತೀರಾ ಕಡಿಮೆ. ಅದನ್ನು ಸ್ವಲ್ಪ ಕೊರೆದು ತೂಕ ಇಳಿಸಿ ವೆಂಡಿಂಗ್ ಮೆಷಿನ್‌ಗೆ ಟೋಪಿ ಹಾಕುತ್ತಿದ್ದರು. 2000ದಲ್ಲಿ ಲೋಹ ಬದಲಾಯಿತು, ಅಂಚಿಗೆ ಓರೆ ಗೀರು ಬಂತು. 2021ರದ್ದು ಎರಡು ಬಣ್ಣ, ಅದರ ಓರೆ ಗೀರುಗಳಲ್ಲಿ ಕೆಲವನ್ನು ಬೇಕಂತಲೇ ಬೇರೆ ಥರ ಮಾಡಿದ್ದಾರೆ.

1 ಯೆನ್ ಬಗ್ಗೆ ಜಾಸ್ತಿ ಹೇಳಲಿಕ್ಕಿಲ್ಲ. ಅಲ್ಯೂಮಿನಿಯಂ, ಸರಿಯಾಗಿ 1 ಗ್ರಾಂ, 1955ರಿಂದ ಹಾಗೇ ಇದೆ.

ಇನ್ನು ಬಾಕಿ 1957ರ ಫೀನಿಕ್ಸ್ ಹಕ್ಕಿಯ 100. 60% ಬೆಳ್ಳಿ, ಹಾಗಾಗಿ ಬೆಳ್ಳಿ ದರ ಏರಿದ ಹಾಗೆ ಇದೂ ಏರುತ್ತದೆ. 1959ರ ಭತ್ತದ ತೆನೆಯ 100 ಮೊದಲು ತಗೊಳ್ಳೋಣ ಅಂತಿದ್ದೇನೆ.