ಕೊಳದಲ್ಲಿ ತೂತೇ ಇರಲಿಲ್ಲ

ತೋಟಗಳಲ್ಲಿ ಕೊಳ ಮಾಡಿಕೊಡುವುದು ನನ್ನ ಕೆಲಸ. ಮೀನು ಸಾಕುವ ಕೊಳವಲ್ಲ. ಕಪ್ಪೆ, ಏರೋಪ್ಲೇನ್ ಚಿಟ್ಟೆ, ನೀರಿಗೆ ಬರುವ ಹಕ್ಕಿಗಳಿಗೆಂದು ಇಳಿಜಾರು ದಡ ಬಿಟ್ಟು ಮಾಡುವಂಥದ್ದು. ಪಂಪು, ಕಾರಂಜಿ ಇರುವುದಿಲ್ಲ. ಹಾಗಾಗಿ ನೀರು ಹೋಗಲು ಇರುವುದು ಮೂರೇ ದಾರಿ: ಆವಿ, ತೂತು, ಅಂಚು. ಗಿಡ ಹೀರುವುದನ್ನೂ ಆವಿಯ ಲೆಕ್ಕಕ್ಕೇ ಸೇರಿಸಿ. ಈಗ ಇಷ್ಟು ಸಲೀಸಾಗಿ ಹೇಳುತ್ತೇನೆ, ಆಗ ನನ್ನ ತಲೆಯಲ್ಲಿದ್ದದ್ದು ತೂತು ಒಂದೇ.

4 ಮೀಟರ್ ಉದ್ದ, 3 ಮೀಟರ್ ಅಗಲದ ಕೊಳ. ಕೆಳಗೆ ದಪ್ಪ ಬಟ್ಟೆ, ಮೇಲೆ ರಬ್ಬರ್ ಹಾಳೆ. ತುಂಬಿಸಿದ ಮಾರನೇ ದಿನವೇ 2 ಸೆಂಟಿಮೀಟರ್ ಇಳಿದಿತ್ತು. "ಹೊಸದು ಮೇಡಂ, ಕೂರ್ತಾ ಇದೆ" ಎಂದೆ. ಅದು ಪೂರ್ತಿ ಸುಳ್ಳಲ್ಲ. 1 ಘನ ಮೀಟರ್ ನೀರೆಂದರೆ 1000 ಕಿಲೋ ಭಾರ. ಹಾಳೆಯ ಮಡಿಕೆಗಳು ಒತ್ತಿಕೊಳ್ಳುತ್ತವೆ, ಹೊಸದಾಗಿ ಏರಿಸಿದ ಮಣ್ಣು ಕುಸಿಯುತ್ತದೆ. ಆದರೆ ಐದನೇ ದಿನವೂ ಅಷ್ಟೇ ಇಳಿಯಿತು. "ಇನ್ನೂ ಎಷ್ಟು ದಿನ ಕೂರುತ್ತೆ?" ಎಂದು ಅವರು ಕೇಳಿದರು. ದಿನಕ್ಕೆ ಹತ್ತಿರಹತ್ತಿರ 240 ಲೀಟರ್ ಹೋಗುತ್ತಿತ್ತು, ಕೇಳದೆ ಏನು ಮಾಡಿಯಾರು?

ಖಾಲಿ ಮಾಡಿಸಿದೆ. ಹಾಳೆಯನ್ನು ಅಂಗೈಯಿಂದ ಸವರಿ ಸವರಿ ಮೊಳ ಮೊಳವೂ ಹುಡುಕಿದೆವು. ಮೂರು ದಿನದ ಕೂಲಿ, ಆಗಷ್ಟೇ ಬೇರು ಬಿಡುತ್ತಿದ್ದ ಗಿಡಗಳು, ತಾನಾಗಿ ಬಂದು ಸೇರಿದ್ದ ನೀರುಹುಳಗಳು ಎಲ್ಲ ಹಾಳು. ಒಂದು ಸೂಜಿ ಚುಚ್ಚಿದ ಗುರುತೂ ಸಿಗಲಿಲ್ಲ. ಮತ್ತೆ ತುಂಬಿಸಿದೆವು, ಮತ್ತೆ ಇಳಿಯಿತು.

ನನಗಿಂತ ಹಿರಿಯ ಮೇಸ್ತ್ರಿಯೊಬ್ಬರಿಗೆ ಫೋನ್ ಮಾಡಿದೆ. ಕಥೆಯೆಲ್ಲ ಕೇಳಿ ಅವರು ಅಂದದ್ದು ಒಂದೇ ಮಾತು: "ಬಕೆಟ್ ಇಟ್ಟು ನೋಡಿದೆಯೇನಪ್ಪಾ?"

ನೋಡಿರಲಿಲ್ಲ. ದಡದ ಬಳಿ ಆಳ ಕಡಿಮೆ ಇರುವಲ್ಲಿ ಹಾಳೆಗೆ ಪೆಟ್ಟಾಗದಂತೆ ಬಟ್ಟೆ ಹಾಸಿ, ಅದರ ಮೇಲೆ ಬಕೆಟ್ ಇಟ್ಟು, ತೇಲದಂತೆ ಒಳಗೆ ಕಲ್ಲು ಹಾಕಿ, ಕೊಳದ ಮಟ್ಟಕ್ಕೇ ಅದರಲ್ಲೂ ನೀರು ತುಂಬಬೇಕು. ಎರಡಕ್ಕೂ ಗುರುತು ಹಾಕಿ 24 ಗಂಟೆ ಬಿಡಬೇಕು. ಬಿಸಿಲು, ಗಾಳಿ ಎರಡಕ್ಕೂ ಒಂದೇ. ಬಕೆಟ್ಟಿನಲ್ಲಿ ಇಳಿದದ್ದು ಆವಿ, ಕೊಳದಲ್ಲಿ ಅದಕ್ಕಿಂತ ಹೆಚ್ಚು ಇಳಿದದ್ದು ಬೇರೆಲ್ಲೋ ಹೋಗುತ್ತಿರುವ ನೀರು. ಮಳೆ ಬಂದ ದಿನ ಮಾತ್ರ ಈ ಲೆಕ್ಕ ನಂಬಬೇಡಿ. ಬಕೆಟ್ಟಿನಲ್ಲಿ 6 ಮಿಲಿಮೀಟರ್ ಇಳಿದಿತ್ತು, ಕೊಳದಲ್ಲಿ 20.

ಆಮೇಲೆ ಬರಿಗಾಲಲ್ಲಿ ದಡ ಸುತ್ತಿದೆ. ಮೂರು ಕಡೆ ನೆಲ ಒಣಗಿತ್ತು. ನಾಲ್ಕನೇ ಕಡೆ ಪಾದ ತಣ್ಣಗಾಯಿತು, ಹುಲ್ಲೂ ಅಲ್ಲೇ ಕಡು ಹಸಿರು. ಕಪ್ಪೆ ಹತ್ತಿ ಇಳಿಯಲಿ, ಹಾಳೆಯೂ ಕಾಣದಿರಲಿ ಎಂದು ನಾನೇ ಆ ಬದಿಗೆ ತೆಂಗಿನ ನಾರಿನ ಹಾಸು ಹೊದಿಸಿ, ನೀರಿನೊಳಗಿಂದ ಹುಲ್ಲಿನವರೆಗೂ ಎಳೆದಿದ್ದೆ. ದೀಪದ ಬತ್ತಿ ಎಣ್ಣೆ ಹೀರುವ ಹಾಗೆ ಅದು ನೀರನ್ನು ಅಂಚು ಹತ್ತಿಸಿ, ಆಚೆ ಕಡೆಯ ಇಳಿಜಾರಿಗೆ ಬಿಡುತ್ತಿತ್ತು. ಮಾಡಿದ ಜಂಬದ ಕೆಲಸವೇ ಕಳ್ಳ.

ಸರಿಪಡಿಸಲು ಅರ್ಧ ದಿನ ಸಾಕಾಯಿತು. ಹಾಸನ್ನು ಅಂಚಿನ ಒಳಗೇ ಕತ್ತರಿಸಿ, ಹಾಳೆಯ ತುದಿಯನ್ನು ನೀರಿನ ಮಟ್ಟಕ್ಕಿಂತ ನಾಲ್ಕು ಬೆರಳು ಮೇಲಕ್ಕೆ ನೆಟ್ಟಗೆ ನಿಲ್ಲಿಸಿದೆ. ಒಳಗಿನ ಒದ್ದೆ ಮಣ್ಣು, ಹೊರಗಿನ ಒಣ ಮಣ್ಣು ಎಲ್ಲೂ ಒಂದಕ್ಕೊಂದು ತಾಗಬಾರದು. ನಡುವೆ ಜಲ್ಲಿ ಸುರಿದೆ.

ನಿಜಕ್ಕೂ ತೂತಿದ್ದರೂ ಈಗ ನಾನು ಖಾಲಿ ಮಾಡಿಸುವುದಿಲ್ಲ. ನೀರು ತಾನಾಗಿ ಎಲ್ಲಿಗೆ ಇಳಿದು ನಿಲ್ಲುತ್ತದೋ ಕಾದು, ಆ ಮಟ್ಟದ ಸುತ್ತ ಹುಡುಕುತ್ತೇನೆ.

ಆ ಕೊಳ ಈಗಲೂ ಬಿಸಿಲಿನ ದಿನ 6–7 ಮಿಲಿಮೀಟರ್ ಇಳಿಯುತ್ತದೆ. ಮೇಡಂ ದಿನಾ ನಲ್ಲಿ ಬಿಡಲು ಹೊರಡುತ್ತಾರೆ, ನಾನು ಬೇಡ ಅನ್ನುತ್ತೇನೆ. ನಲ್ಲಿ ನೀರಿನ ಲವಣ ಸೇರಿದಷ್ಟೂ ಪಾಚಿ ಹೆಚ್ಚುತ್ತದೆ. ತುಂಬಿಸಲೇಬೇಕಾದರೆ ಸಂಗ್ರಹಿಸಿಟ್ಟ ಮಳೆನೀರು ವಾಸಿ. ಇಲ್ಲದಿದ್ದರೆ ನಾಲ್ಕು ದಿನ ಇಳಿಯಲಿ ಬಿಡಿ. ನೀರು ಸರಿದಲ್ಲಿ ಉಳಿಯುವ ಆ ಕೆಸರಿನ ಪಟ್ಟಿಗೆ ಮೊನ್ನೆ ಹಳದಿ ಚಿಟ್ಟೆಗಳ ಹಿಂಡೇ ಇಳಿದಿತ್ತು.