ಸಬ್ಮಿಟ್ ಒತ್ತಿದ ಮೇಲೆ ಲೀಡ್ ಎಲ್ಲಿಗೆ ಹೋಯಿತು?

ವೆಬ್‌ಸೈಟ್ ಫಾರಂನಿಂದ ಲೀಡ್, ಅಂದರೆ ಕೊಳ್ಳುವ ಆಸಕ್ತಿ ಇರುವವರ ಹೆಸರು-ನಂಬರ್, ಬರುತ್ತಿಲ್ಲ ಅಂದ ಕೂಡಲೇ ಎಲ್ಲರ ಕಣ್ಣು ಆ್ಯಡ್ ಬಜೆಟ್ ಮೇಲೆ ಬೀಳುತ್ತೆ. ಬಟನ್ ಬಣ್ಣ ಬದಲಾಯಿಸೋಣ, ಕೀವರ್ಡ್ ಬದಲಾಯಿಸೋಣ ಅಂತ ಮೀಟಿಂಗ್ ಶುರುವಾಗುತ್ತೆ. ತುಂಬಿದ ಫಾರಂ ಎಲ್ಲಿಗೆ ತಲುಪಿತು ಅಂತ ಕೇಳುವವರು ಮಾತ್ರ ಇರೋದಿಲ್ಲ.

ದಾವಣಗೆರೆಯಲ್ಲಿ ಅಡಿಕೆ ಸುಲಿಯುವ ಯಂತ್ರ ಮಾರುವ ಅಂಗಡಿಯೊಂದರ ಸೈಟ್ ನಮ್ಮ ಟೀಮಿಗೆ ಬಂದಾಗಲೂ ಇದೇ ದೂರು ಇತ್ತು. ಕೊಯ್ಲಿನ ಹೊತ್ತು, ಕ್ಲಿಕ್ಕಿಗೆ ದುಡ್ಡು ಹೋಗ್ತಿದೆ, ಫೋನ್ ಮಾಡೋಕೆ ಒಂದು ನಂಬರೂ ಬರ್ತಿಲ್ಲ. ಸೈಟ್ ಮಾಡಿಕೊಟ್ಟಿದ್ದವರ ಉತ್ತರ: 'ಫಾರಂ ಸರಿಯಾಗೇ ಇದೆ ಸರ್, ಹಸಿರು ಅಕ್ಷರದಲ್ಲಿ ಧನ್ಯವಾದ ಅಂತ ಬರ್ತಿದೆಯಲ್ಲ.' ಅದೇ ವಾರ ಚನ್ನಗಿರಿ ಕಡೆಯ ಬೆಳೆಗಾರರೊಬ್ಬರು ಅಂಗಡಿಗೆ ಬಂದು ಬೆಲ್ಟ್ ಕೇಳಿದರು. 'ಮಷೀನ್ ಎಲ್ಲಿ ತಗೊಂಡ್ರಿ?' ಅಂದ ಮಾಲೀಕರಿಗೆ ಅವರು ಹೇಳಿದ್ದು: 'ನಿಮ್ಮಲ್ಲೇ ತಗೋಬೇಕಂತ ಫಾರಂ ತುಂಬಿದ್ದೆ ಸಾಹುಕಾರ್ರೇ. ಯಾರೂ ಫೋನ್ ಮಾಡ್ಲಿಲ್ಲ. ಶಿವಮೊಗ್ಗದಾಗ ತಗೊಂಡೆ.'

ಆಮೇಲೆ ಅಂಗಡಿಯ ಜಿಮೇಲ್‌ನ ಸ್ಪ್ಯಾಮ್ ಫೋಲ್ಡರ್ ತೆರೆದಾಗ ಕಂಡದ್ದು ಇವತ್ತಿಗೂ ಚುಚ್ಚುತ್ತೆ. ಹೊಳಲ್ಕೆರೆ, ಹೊಸದುರ್ಗ, ಭೀಮಸಮುದ್ರ, ಹೊನ್ನಾಳಿ. ಒಬ್ಬರು ಎಷ್ಟು ಎಕರೆ ತೋಟ ಅಂತ ಬರೆದಿದ್ದಾರೆ, ಇನ್ನೊಬ್ಬರು ಮನೆಗೆ ಸಿಂಗಲ್ ಫೇಸ್ ಮಾತ್ರ ಇದೆ, ನಡೆಯುತ್ತಾ ಅಂತ ಕೇಳಿದ್ದಾರೆ. ಕೆಳಕ್ಕೆ ಹೋಗುತ್ತಾ ಹೋದಂತೆ ಪಟ್ಟಿ ಒಂದು ತಾರೀಖಿಗೆ ನಿಂತುಬಿಟ್ಟಿತು. ಜಿಮೇಲ್ ಸ್ಪ್ಯಾಮನ್ನು 30 ದಿನಕ್ಕೆ ತಾನೇ ಅಳಿಸುತ್ತೆ. ಅದಕ್ಕೂ ಹಿಂದಿನದು ಡೇಟಾಬೇಸಿನಲ್ಲಿ ಇರಬಹುದು ಅಂತ ಹುಡುಕಿದರೆ ಅಲ್ಲೂ ಇಲ್ಲ. ಸೈಟ್ ಇದ್ದದ್ದು ವರ್ಡ್‌ಪ್ರೆಸ್‌ನಲ್ಲಿ; ಅದರಲ್ಲಿ ಫಾರಂ ನಡೆಸುವ ಪ್ಲಗಿನ್ (ಸೈಟಿಗೆ ಸೇರಿಸುವ ಸಣ್ಣ ತಂತ್ರಾಂಶ) ಕಾಂಟ್ಯಾಕ್ಟ್ ಫಾರಂ 7 ತಾನಾಗಿ ಯಾವ ಎಂಟ್ರಿಯನ್ನೂ ಉಳಿಸಿಕೊಳ್ಳೋದಿಲ್ಲ, ಮೇಲ್ ಕಳಿಸಿ ಕೈ ತೊಳೆದುಕೊಳ್ಳುತ್ತೆ. ಉಳಿಸಬೇಕೆಂದರೆ ಫ್ಲೆಮಿಂಗೋದಂಥ ಪ್ಲಗಿನ್ ಬೇರೆ ಹಾಕಬೇಕು. ಅದನ್ನು ಯಾರೂ ಹಾಕಿರಲಿಲ್ಲ.

ಕಾರಣ ಒಂದೇ ಸಾಲಿನದ್ದು. ಫಾರಂ ಕಳಿಸುವ ಮೇಲಿನ 'ಫ್ರಮ್' (ಕಳಿಸಿದವರು) ಜಾಗದಲ್ಲಿ ಗ್ರಾಹಕರ ಇಮೇಲ್ ವಿಳಾಸ ಕೂರಿಸಿದ್ದರು, ರಿಪ್ಲೈ ಒತ್ತಿದರೆ ನೇರ ಅವರಿಗೇ ಹೋಗಲಿ ಅಂತ. ಗ್ರಾಹಕರದ್ದು ಜಿಮೇಲ್ ವಿಳಾಸ, ಮೇಲ್ ಹೊರಡೋದು ಯಾವುದೋ ಶೇರ್ಡ್ ಹೋಸ್ಟಿಂಗ್ ಸರ್ವರಿನಿಂದ. ಬೇರೆಯವರ ಹೆಸರಲ್ಲಿ ಬಂದ ಕಳ್ಳ ಮೇಲ್ ಅಂತ ಗೂಗಲ್ ಅದನ್ನು ಪಕ್ಕಕ್ಕೆ ತಳ್ಳುತ್ತೆ. ಹಸಿರು ಮೆಸೇಜಿಗೆ ಅಷ್ಟೇ ಅರ್ಥ: ನಮ್ಮ ಸರ್ವರ್ ಮೇಲನ್ನು ಸಾಗಹಾಕಿತು. ತಲುಪಿತು ಅಂತಲ್ಲ.

ಸರಿ ಮಾಡುವುದು ಕಷ್ಟವಿಲ್ಲ. 'ಫ್ರಮ್'ನಲ್ಲಿ ಅಂಗಡಿಯ ಸ್ವಂತ ಡೊಮೇನಿನ ವಿಳಾಸ, 'ರಿಪ್ಲೈ-ಟು'ನಲ್ಲಿ ಗ್ರಾಹಕರ ವಿಳಾಸ. ಲಾಗಿನ್ ಇಲ್ಲದೆ ಸರ್ವರ್ ತಾನೇ ಕಳಿಸುವ ಪಿಎಚ್‌ಪಿ ಮೇಲ್ ಬಿಟ್ಟು, ಪೋರ್ಟ್ 587ರಲ್ಲಿ ಲಾಗಿನ್ ಆಗಿ ಮೇಲ್ ಕಳಿಸುವ ಎಸ್‌ಎಂಟಿಪಿ. ಡೊಮೇನಿನ ಡಿಎನ್‌ಎಸ್ ದಾಖಲೆಗಳಲ್ಲಿ ಎಸ್‌ಪಿಎಫ್ (ನಿಮ್ಮ ಹೆಸರಲ್ಲಿ ಯಾವ ಸರ್ವರ್ ಮೇಲ್ ಕಳಿಸಬಹುದು ಅನ್ನುವ ಪಟ್ಟಿ) ಮತ್ತು ಡಿಕೆಐಎಂ (ಮೇಲ್ ನಿಮ್ಮದೇ ಅನ್ನುವ ಡಿಜಿಟಲ್ ಸಹಿ ಪರೀಕ್ಷಿಸುವ ಕೀಲಿ) ಎರಡೂ ಇರಲಿ. 2024ರ ಫೆಬ್ರವರಿಯಿಂದ ಗೂಗಲ್ ಈ ವಿಷಯದಲ್ಲಿ ಬಿಗಿಯಾಗಿದೆ. ಎಸ್‌ಪಿಎಫ್ ದಾಖಲೆ ಒಂದು ಡೊಮೇನಿಗೆ ಒಂದೇ ಇರಬೇಕು. ಹೊಸ ಮೇಲ್ ಸೇವೆ ತೆಗೆದುಕೊಂಡಾಗ ಎರಡನೆಯದನ್ನು ಸೇರಿಸಿದರೆ ಎರಡೂ ಕೆಲಸಕ್ಕೆ ಬರೋದಿಲ್ಲ. ಇಷ್ಟೆಲ್ಲ ಮಾಡಿದರೂ ಮೇಲನ್ನೇ ನಂಬಿ ಕೂರಬೇಡಿ. ಮೊದಲು ಡೇಟಾಬೇಸಿಗೆ ಬರೆಯಬೇಕು, ಆಮೇಲೆ ಮೇಲ್ ಕಳಿಸಬೇಕು. ಈ ಕ್ರಮ ತಿರುಗುಮುರುಗಾದ ಸೈಟನ್ನು ನಾನು ಲೈವ್ ಮಾಡಲು ಒಪ್ಪುವುದಿಲ್ಲ.

ಮೊಬೈಲ್ ನಂಬರಿನ ಕಾಲಂ ಅಂತೂ ಸಣ್ಣ ವಿಷಯವಲ್ಲ. 10 ಅಕ್ಷರಕ್ಕೆ ಮಿತಿ ಹಾಕಿ ಬಿಟ್ಟಿರುತ್ತಾರೆ. ಗ್ರಾಹಕರು ವಾಟ್ಸ್‌ಆ್ಯಪ್‌ನಿಂದ +91 ಸಮೇತ ನಂಬರ್ ತಂದು ಪೇಸ್ಟ್ ಮಾಡಿದರೆ ಕೊನೆಯ ಅಂಕಿಗಳು ಕತ್ತರಿಸಿ ಹೋಗುತ್ತವೆ, ಎಣಿಸಿದರೆ 10 ಅಕ್ಷರ ಸರಿಯಾಗೇ ಇರುತ್ತೆ, ಫೋನ್ ಮಾತ್ರ ಹೋಗೋದಿಲ್ಲ. ಏನು ಬರೆದರೂ ಒಳಗೆ ಬಿಡಿ. ಸ್ಪೇಸ್, ಹೈಫನ್, +91, ಮುಂದಿನ ಸೊನ್ನೆ ಎಲ್ಲವನ್ನೂ ಸರ್ವರಿನಲ್ಲಿ ತೆಗೆದು, ಉಳಿದ 10 ಅಂಕಿ 6ರಿಂದ 9ರೊಳಗೆ ಶುರುವಾಗುತ್ತಾ ನೋಡಿ. ಕೆಲವರು ಕನ್ನಡ ಅಂಕಿಯಲ್ಲೇ ಬರೆಯುತ್ತಾರೆ, ಅದನ್ನೂ ಬದಲಿಸಿಕೊಳ್ಳಬೇಕು. ತಪ್ಪು ನಂಬರ್ ಅಂತ ಕೆಂಪು ಅಕ್ಷರ ತೋರಿಸಿದರೆ ಅವರು ಹೋದರು ಅಂತಲೇ ಲೆಕ್ಕ. ಫಾರಂನ ಕೋಡಿನಲ್ಲಿ ಈ ಕಾಲಂನ ಇನ್‌ಪುಟ್ ಟೈಪ್ 'ಟೆಲ್' (ಫೋನ್ ನಂಬರ್) ಇರಲಿ, 'ನಂಬರ್' (ಲೆಕ್ಕದ ಸಂಖ್ಯೆ) ಬೇಡ.

ಉಳಿದಂತೆ ಹೆಸರು, ತಾಲ್ಲೂಕು, ಯಾವ ಯಂತ್ರ, ಇಷ್ಟು ಸಾಕು. ಇಮೇಲ್ ಕಡ್ಡಾಯ ಮಾಡಬೇಡಿ. ತಾಲ್ಲೂಕಿನ ಡ್ರಾಪ್‌ಡೌನ್ ಹಳೇ ಪಟ್ಟಿಯಿಂದ ಎತ್ತಿ ಹಾಕಿದರೆ ನ್ಯಾಮತಿ ಇರೋದಿಲ್ಲ, ಹರಪನಹಳ್ಳಿ ಇನ್ನೂ ದಾವಣಗೆರೆ ಜಿಲ್ಲೆಯಲ್ಲೇ ಕೂತಿರುತ್ತೆ. ದಾವಣಗೆರೆ, ಚಿತ್ರದುರ್ಗ ಸೇರಿ 12 ತಾಲ್ಲೂಕು, ಅಕ್ಕಪಕ್ಕದ ನಾಲ್ಕಾರು, ಕೊನೆಗೆ 'ಬೇರೆ ಊರು'. ಜಿಲ್ಲೆ ಆರಿಸಿ ಆಮೇಲೆ ತಾಲ್ಲೂಕು ಆರಿಸುವ ಎರಡು ಹಂತ ಬೇಡವೇ ಬೇಡ.

ಬೆಳಿಗ್ಗೆ ನಡೆದ ಫಾರಂ ಮರುದಿನ ಎರರ್ ಕೊಡುತ್ತಿದ್ದರೆ ಕ್ಯಾಶ್ ಪ್ಲಗಿನ್ (ಬೇಗ ತೋರಿಸಲು ಪುಟದ ಪ್ರತಿಯನ್ನು ಉಳಿಸಿಡುವಂಥದ್ದು) ನೋಡಿ. ಫಾರಂ ನಮ್ಮ ಪುಟದಿಂದಲೇ ಬಂತಾ ಅಂತ ನೋಡಲು ಇಡುವ ಗುಪ್ತ ಸಂಕೇತ, ವರ್ಡ್‌ಪ್ರೆಸ್‌ನ ನಾನ್ಸ್, ಗರಿಷ್ಠ 24 ಗಂಟೆ ಬಾಳುತ್ತೆ. ಫಾರಂ ಅದನ್ನು ಬಳಸುತ್ತಿದ್ದು, ಕ್ಯಾಶ್ ಆದ ಪುಟ ಅದಕ್ಕಿಂತ ಹಳೆಯದಾದರೆ ಎಂಟ್ರಿ ತಿರಸ್ಕಾರವಾಗುತ್ತೆ. ನೀವು ಲಾಗಿನ್ ಆಗಿ ಟೆಸ್ಟ್ ಮಾಡಿದರೆ ಸಾಮಾನ್ಯವಾಗಿ ಹೊಸ ಪುಟವೇ ಬರುತ್ತೆ, ಆದ್ದರಿಂದ ತಪ್ಪು ಕಾಣಿಸೋದಿಲ್ಲ. ಫಾರಂ ಇರುವ ಪುಟವನ್ನು ಕ್ಯಾಶ್‌ನಿಂದ ಹೊರಗಿಡಿ.

ಫೇಸ್‌ಬುಕ್ ಲೀಡ್ ಫಾರಂ (ಆ್ಯಡ್ ಒಳಗೇ ತೆರೆಯುವ ಫಾರಂ) ಬಳಸುವವರಿಗೆ ಬೇರೆ ಎಚ್ಚರ ಬೇಕು. ಅಲ್ಲಿ ಲೀಡ್ ಡೌನ್‌ಲೋಡ್ ಮಾಡಲು 90 ದಿನ ಮಾತ್ರ ಅವಕಾಶ. ನಂಬರ್ ತಾನೇ ತುಂಬಿಕೊಂಡಿರುತ್ತೆ, ಎಷ್ಟೋ ಸಲ ಅದು ಅವರು ಬಿಟ್ಟುಬಿಟ್ಟ ಹಳೇ ಸಿಮ್. ಕಳಿಸುವ ಮುಂಚೆ ಇನ್ನೊಮ್ಮೆ ತೋರಿಸಿ ಖಚಿತಪಡಿಸುವ 'ಹೈಯರ್ ಇಂಟೆಂಟ್' ಆಯ್ಕೆ ತೆಗೆದುಕೊಂಡರೆ ಲೀಡ್ ಕಡಿಮೆಯಾಗುತ್ತೆ, ಟೆಲಿಕಾಲರ್ ಹುಡುಗಿಯರ ಮಧ್ಯಾಹ್ನ ಉಳಿಯುತ್ತೆ.

ಒಪ್ಪಿಗೆಯ ಚೌಕಕ್ಕೆ ಮೊದಲೇ ಟಿಕ್ ಹಾಕಿಡಬೇಡಿ. 2023ರ ಡೇಟಾ ರಕ್ಷಣಾ ಕಾಯ್ದೆ ಕೇಳೋದು ಗ್ರಾಹಕರು ತಾವಾಗಿ ಕೊಟ್ಟ ಒಪ್ಪಿಗೆ. 'ಈ ಯಂತ್ರದ ದರ ತಿಳಿಸಲು ನಮ್ಮ ಅಂಗಡಿಯಿಂದ ಫೋನ್ ಮಾಡುತ್ತೇವೆ' ಅಂತ ಕನ್ನಡದಲ್ಲೇ ಬರೆಯಿರಿ.

ಆ ಅಂಗಡಿಯಲ್ಲಿ ಈಗ ಸೋಮವಾರ ಬಾಗಿಲು ತೆಗೆದ ಕೂಡಲೇ ಕೌಂಟರ್ ಹುಡುಗ ವೈಫೈ ಆಫ್ ಮಾಡಿ, ತನ್ನ ಮೊಬೈಲ್ ಡೇಟಾದಲ್ಲಿ 'ಟೆಸ್ಟ್' ಹೆಸರಿನ ಫಾರಂ ತುಂಬುತ್ತಾನೆ. ಎಂಟ್ರಿ ಪಟ್ಟಿಯಲ್ಲಿ ಬಂತಾ, ಮೇಲ್ ಇನ್‌ಬಾಕ್ಸಿಗೆ ಬಂತಾ, ಎರಡೂ ನೋಡುತ್ತಾನೆ. ಒಂದು ಬರದಿದ್ದರೂ ಅವತ್ತಿನ ಆ್ಯಡ್ ನಿಲ್ಲಿಸುವ ಅಧಿಕಾರ ಮಾಲೀಕರು ಅವನಿಗೇ ಕೊಟ್ಟಿದ್ದಾರೆ.