ಕೈಕೂಸು ಇಟ್ಕೊಂಡು ಅಡುಗೆ ಹೇಗೆ ಮಾಡ್ತೀಯ?

ಈ ಪ್ರಶ್ನೆ ಕೇಳದವರೇ ಇಲ್ಲ. ಫೋನ್ ಮಾಡುವ ಗೆಳತಿಯರು, ಮಗು ನೋಡಲು ಬರುವ ನೆಂಟರು, ಬೀದಿಯಲ್ಲಿ ಸೊಪ್ಪು ಮಾರುವ ಅಮ್ಮ ಕೂಡ ಕೇಳಿದ್ದಾರೆ. "ಮನೇಲಿ ದೊಡ್ಡವರು ಯಾರೂ ಇಲ್ಲ, ಕೈಕೂಸು ಬೇರೆ. ಅಡುಗೆ ಹೇಗೆ ಮಾಡ್ತೀಯ?" ಕೇಳುವವರಲ್ಲಿ ಎರಡು ಬಗೆ. ತಮ್ಮ ಮನೆಯಲ್ಲೂ ಕೂಸಿರುವವರು ಏನಾದರೂ ಉಪಾಯ ಸಿಗಲಿ ಅಂತ ಕೇಳುತ್ತಾರೆ. ಇನ್ನು ಕೆಲವರು ಕೇಳುವಾಗ ಅವರ ಕಣ್ಣು ನಮ್ಮ ಸಿಂಕಿನ ಕಡೆ ಇರುತ್ತದೆ. ಇಬ್ಬರಿಗೂ ನನ್ನ ಉತ್ತರ ಒಂದೇ. ಅರ್ಧ ಅಡುಗೆಗೆ ಒಲೆಯ ಕೆಲಸವೇ ಹೆಚ್ಚಿಲ್ಲ. ಇನ್ನರ್ಧ ನಾನು ಮಾಡಿದ್ದೇ ಅಲ್ಲ.

ನಮ್ಮದು ಶಿವಮೊಗ್ಗ ಪೇಟೆಯಲ್ಲಿ ಬಾಡಿಗೆ ಮನೆ. ಇವರು, ನಾನು, ಮಗಳು. ತವರು ತೀರ್ಥಹಳ್ಳಿ ಕಡೆ, ಬಾಣಂತನ ಅಲ್ಲೇ ಆಯಿತು. ಅಲ್ಲಿ ಬಚ್ಚಲ ಹಂಡೆಯ ನೀರು, ಎಣ್ಣೆ ಸ್ನಾನ, ಧೂಪ, ಆಮೇಲೆ ಬಿಸಿ ಬಿಸಿ ಊಟ. ಕಾಳುಮೆಣಸಿನ ಸಾರು, ಸಬ್ಬಸಿಗೆ ಸೊಪ್ಪಿನ ಪಲ್ಯ, ತುಪ್ಪದಲ್ಲಿ ಹುರಿದ ಬೆಳ್ಳುಳ್ಳಿ, ಕೊನೆಗೆ ವೀಳ್ಯದೆಲೆ. ಮಜ್ಜಿಗೆ ಥಂಡಿ, ಅದು ಹತ್ತಿರ ಬರುವ ಹಾಗಿಲ್ಲ. ನೀರೂ ಕಮ್ಮಿ ಕುಡಿ ಅಂತ ಅಜ್ಜಿಯ ಅಪ್ಪಣೆ. ಅದೊಂದನ್ನು ಮಾತ್ರ ನಾನು ಕೇಳಲಿಲ್ಲ. ಹಾಲೂಡಿಸುವವಳು ಬಾಯಾರಿದಷ್ಟೂ ನೀರು ಕುಡಿಯಲೇಬೇಕು. ಜೀರಿಗೆ ಹಾಕಿ ಕುದಿಸಿದ ನೀರು ಅಂದಮೇಲೆ ಅಜ್ಜಿಯೂ ಸುಮ್ಮನಾದರು.

ಪೇಟೆಗೆ ಬಂದಮೇಲೆ ಆ ರಾಜಭೋಗ ಮುಗಿಯಿತು. ಶುರುವಿನ ತಿಂಗಳುಗಳಲ್ಲಿ ಕೂಸು ದಿನಕ್ಕೆ 8ರಿಂದ 12 ಸಲ ಹಾಲು ಕುಡಿಯುತ್ತದೆ. ಜೊತೆಗೆ ತೇಗು ಬರಿಸಬೇಕು, ಬಟ್ಟೆ ಬದಲಿಸಬೇಕು, ಮಲಗಿಸಬೇಕು. ಹಾಗಂತ ಟೈಮೇ ಸಿಗಲ್ಲ ಅನ್ನುವುದು ಪೂರ್ತಿ ನಿಜವಲ್ಲ. ಸಿಗುತ್ತದೆ, ಆದರೆ ಚೂರು ಚೂರಾಗಿ. ಅದಕ್ಕೆ ನಾನು ಅಡುಗೆ ಆರಿಸುವಾಗ ರುಚಿಗಿಂತ ಮೊದಲು ಒಂದು ವಿಷಯ ನೋಡುತ್ತೇನೆ: ಇದನ್ನು ಅರ್ಧಕ್ಕೆ ಬಿಟ್ಟು ಹೋದರೆ ಕೆಡುತ್ತದೋ ಇಲ್ಲವೋ? ಅಕ್ಕಿ ರೊಟ್ಟಿ ಕಾವಲಿ ಮೇಲೆ ಬಿಟ್ಟು ಹೋದರೆ ಕರಕಲು. ಕಡುಬಿಗೆ ಹಿಟ್ಟು ಕಲಕುತ್ತಾ ನಿಲ್ಲಬೇಕು. ತಂಬುಳಿಯನ್ನು ಎಲ್ಲಿ ಬೇಕಾದರೂ ಬಿಟ್ಟು ಹೋಗಬಹುದು.

ನಮ್ಮ ಕಡೆಯವರಿಗೆ ತಂಬುಳಿ ಹೇಳಿಕೊಡಬೇಕಾಗಿಲ್ಲ. ಬಯಲುಸೀಮೆಯ ಗೆಳತಿಯರಿಗಾಗಿ ಹೇಳುತ್ತೇನೆ, ಅನ್ನಕ್ಕೆ ಕಲಸಿಕೊಳ್ಳುವ, ಕುದಿಸದ ಮಜ್ಜಿಗೆ ಪದಾರ್ಥ ಇದು. ಒಂದು ಚಮಚ ತುಪ್ಪದಲ್ಲಿ ಅರ್ಧ ಚಮಚ ಜೀರಿಗೆ, ಐದಾರು ಕಾಳುಮೆಣಸು ಹುರಿಯಿರಿ. ಅದಕ್ಕೇ ಹನ್ನೆರಡು ಹದಿನೈದು ದೊಡ್ಡಪತ್ರೆ ಎಲೆ ಹಾಕಿ ಬಾಡಿಸಿ. ಇಷ್ಟೇ ಒಲೆಯ ಕೆಲಸ. ಆರಿದ ಮೇಲೆ ಅರ್ಧ ಬಟ್ಟಲು ಕಾಯಿತುರಿ ಜೊತೆ ನುಣ್ಣಗೆ ರುಬ್ಬಿ, ಎರಡು ಬಟ್ಟಲು ಮಜ್ಜಿಗೆ, ಉಪ್ಪು ಸೇರಿಸಿ. ಬಾಡಿಸಿಟ್ಟ ಎಲೆ ತಾಸುಗಟ್ಟಲೆ ಕಾಯುತ್ತದೆ. ರುಬ್ಬಿದ್ದನ್ನು ಫ್ರಿಜ್‌ನಲ್ಲಿಟ್ಟರೆ ರಾತ್ರಿಗೂ ಆಗುತ್ತದೆ, ಬೇಕೆಂದಾಗ ಮಜ್ಜಿಗೆ ಸೇರಿಸಿದರಾಯಿತು. ಬಿಸಿ ಮಾಡಲು ಮಾತ್ರ ಹೋಗಬೇಡಿ, ಒಡೆಯುತ್ತದೆ. ಸಾಸಿವೆ ಒಗ್ಗರಣೆ ಹಾಕಬೇಕು ಅನ್ನುತ್ತಾರೆ. ನಾನು ಎಷ್ಟೋ ದಿನ ಹಾಕುವುದಿಲ್ಲ. ಯಾರೂ ಬಂದು ಹಿಡಿದಿಲ್ಲ!

ದೊಡ್ಡಪತ್ರೆ ಇಲ್ಲದ ದಿನ ಒಂದೆಲಗ. ಅದೂ ಇಲ್ಲದಿದ್ದರೆ ಬರೀ ಮೆಂತ್ಯ, ಅರ್ಧ ಚಮಚ ಸಾಕು, ಜಾಸ್ತಿ ಆದರೆ ಕಹಿ. ಸೊಪ್ಪು ತೊಳೆಯುವಷ್ಟೂ ಪುರುಸೊತ್ತಿಲ್ಲದ ದಿನಕ್ಕೆ ಶುಂಠಿ. ಇನ್ನೂ ಸುಲಭದ್ದು ಸೌತೆಕಾಯಿ ಹಸಿ. ತುರಿದು, ಮೊಸರು, ಕಾಯಿ, ಹಸಿಮೆಣಸು ಕಲಸಿದರೆ ಆಯಿತು, ಜೊತೆಗೆ ಅಮ್ಮ ಕಳಿಸಿದ ಅಪ್ಪೆಮಿಡಿ ಉಪ್ಪಿನಕಾಯಿ. ಬಾಣಂತನದಲ್ಲಿ ಮಜ್ಜಿಗೆ ಬಿಟ್ಟ ನಾಲಿಗೆಗೆ ಮೊದಲ ತಂಬುಳಿ ಅನ್ನ ಎಷ್ಟು ಹಿತವಾಗಿತ್ತು ಅಂದರೆ, ಸಾರಿನ ಪಾತ್ರೆ ಅವತ್ತು ಮುಚ್ಚಿದ್ದು ಮುಚ್ಚಿದ ಹಾಗೇ ಇತ್ತು.

ಒಂದು ಎಚ್ಚರಿಕೆ. ಹೆರಿಗೆ ಆದಮೇಲೂ 180 ದಿನ ಕಬ್ಬಿಣಾಂಶದ ಮಾತ್ರೆ ಕೊಡುತ್ತಾರಲ್ವಾ, ಅದನ್ನು ಈ ಊಟದ ಜೊತೆ ನುಂಗಬೇಡಿ. ಹಾಲು ಮೊಸರಿನ ಕ್ಯಾಲ್ಸಿಯಂ ಇದ್ದರೆ ಕಬ್ಬಿಣಾಂಶ ಸರಿಯಾಗಿ ಮೈಗೆ ಹತ್ತುವುದಿಲ್ಲ. ನಾನು ಸಂಜೆ ನಿಂಬೆ ಪಾನಕದ ಜೊತೆ ತೆಗೆದುಕೊಳ್ಳುತ್ತೇನೆ. ಚಹಾ ಜೊತೆಗೂ ಬೇಡ.

ಇನ್ನು ಸದ್ದಿನ ವಿಷಯ. ಮಿಕ್ಸಿ ಒಂದೇ ಸಮನೆ ಗುಂಯ್ ಅನ್ನುತ್ತಿದ್ದರೆ ಮಗಳು ಏಳುವುದಿಲ್ಲ. ಕುಕ್ಕರ್ ವಿಷಲ್ ಕೂಗಿದರೆ ಎರಡೂ ಕೈ ಚಾಚಿ ಬೆಚ್ಚಿ ಬೀಳುತ್ತಿದ್ದಳು. ಎಳೆ ಕೂಸುಗಳು ದಿಢೀರ್ ಸದ್ದಿಗೆ ಹಾಗೆ ಬೆಚ್ಚುವುದು ಸಹಜ, ನಾಲ್ಕರಿಂದ ಆರು ತಿಂಗಳೊಳಗೆ ತಾನಾಗಿ ಹೋಗುತ್ತದೆ ಅಂದರು ಮಕ್ಕಳ ಡಾಕ್ಟರ್. ಹಾಗಾಗಿ ರುಬ್ಬುವುದು ಅವಳು ಮಲಗಿದಾಗ, ಕುಕ್ಕರ್ ಇಡುವುದು ಅವಳು ಎದ್ದು ಆಡುವಾಗ. ತಳದ ಡಬ್ಬಿಯಲ್ಲಿ ಹೆಸರುಬೇಳೆ, ಸೀಮೆಬದನೆ. ಮೇಲಿನದರಲ್ಲಿ ಅಕ್ಕಿ. ಬೇಳೆಗೆ ಉಪ್ಪು, ಜೀರಿಗೆ ಒಗ್ಗರಣೆ ಬಿದ್ದರೆ ತೊವ್ವೆ.

ತಂಬುಳಿ ಅನ್ನ ಹಿತವಾದದ್ದೇ, ಆದರೆ ಅದೊಂದರಿಂದಲೇ ಹೊಟ್ಟೆ ತುಂಬುವುದಿಲ್ಲ. ಮೊದಲ ಆರು ತಿಂಗಳು ಹಾಲೂಡಿಸುವ ತಾಯಿಗೆ ದಿನಕ್ಕೆ ಸುಮಾರು 600 ಕಿಲೋ ಕ್ಯಾಲೊರಿ ಹೆಚ್ಚಿಗೆ ಬೇಕು ಅನ್ನುತ್ತದೆ ಐಸಿಎಂಆರ್, ಅಂದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ. ಅಂದರೆ ಮಾಮೂಲಿನ ಮೂರು ಊಟದ ಮೇಲೆ ಇನ್ನೊಂದು ಗಟ್ಟಿ ಊಟ. ರಾತ್ರಿ ಮೂರು ಗಂಟೆಗೆ ಬರುವ ಹಸಿವು ಎಂಥದ್ದು ಅಂತ ಹೆತ್ತವರಿಗೇ ಗೊತ್ತು. ಆ ಹೊತ್ತಿಗೆ ಎಡಗೈಯಲ್ಲಿ ಕೂಸು, ಬಲಗೈಗೆ ಅಂಟಿನುಂಡೆ. ಒಣಕೊಬ್ಬರಿ, ಉತ್ತುತ್ತೆ, ಗಸಗಸೆ, ತುಪ್ಪದಲ್ಲಿ ಹುರಿದ ಅಂಟು, ಬೆಲ್ಲ. ಒಂದೇ ಕೈಯಲ್ಲಿ ತಿನ್ನುವ ಊಟ ಇದಕ್ಕಿಂತ ಒಳ್ಳೆಯದು ನನಗಂತೂ ಸಿಕ್ಕಿಲ್ಲ.

ಆ ಉಂಡೆ ಕಟ್ಟಿದ್ದು ಅಮ್ಮ. ಉತ್ತರದ ಇನ್ನರ್ಧ ಇಲ್ಲಿಂದ ಶುರು.

ನಮ್ಮ ಅಡುಗೆಮನೆ ಶೆಲ್ಫಿನಲ್ಲಿ ಈಗ ನಮ್ಮ ಪಾತ್ರೆಗಿಂತ ಬೇರೆಯವರ ಪಾತ್ರೆಯೇ ಜಾಸ್ತಿ. ಪಕ್ಕದ ಮನೆ ಆಂಟಿ ನೀರುದೋಸೆ ಕಳಿಸಿದ ಡಬ್ಬಿ, ಎದುರು ಮನೆ ಅಜ್ಜಿ ಬಸಳೆ ಹುಳಿ ಕೊಟ್ಟ ಹಿಡಿಕೆ ಇರುವ ಪಾತ್ರೆ, ಇವರ ಆಫೀಸಿನವರ ಮನೆಯ ಕ್ಯಾರಿಯರ್. ಯಾವುದು ಯಾರದ್ದು ಅಂತ ಗೊತ್ತಾಗಲಿ ಅಂತ ತಳದಲ್ಲಿ ಹೆಸರು ಕೊರೆಸಿರುತ್ತಾರೆ ನಿಜ. ಆದರೆ ಆ ಹೆಸರು ಬಹಳ ಸಲ ಡಬ್ಬಿ ಉಡುಗೊರೆ ಕೊಟ್ಟವರದ್ದು, "ಗೃಹಪ್ರವೇಶದ ನೆನಪಿಗೆ" ಅಂತ. ಡಬ್ಬಿ ಈಗ ಯಾರ ಮನೆಯದ್ದು ಅಂತ ಪತ್ತೆ ಮಾಡುವುದು ಪೊಲೀಸರ ಕೆಲಸ.

ತವರಿನಲ್ಲೂ ಹೀಗೇ. ಅಂಗನವಾಡಿಯಲ್ಲಿ ಮಾತೃಪೂರ್ಣ ಊಟ ಇದೆ, ಗರ್ಭಿಣಿಯರಿಗೆ, ಬಾಣಂತಿಯರಿಗೆ. 2017ರ ಅಕ್ಟೋಬರ್ 2ರಂದು ರಾಜ್ಯದಲ್ಲೆಲ್ಲ ಶುರುವಾದದ್ದು. ಅನ್ನ, ಸಾಂಬಾರು, ಮೊಟ್ಟೆ, ಹಾಲು, ಚಿಕ್ಕಿ. ಆದರೆ ಬಾಣಂತಿ ಹೊಸಿಲು ದಾಟುವ ಹಾಗಿಲ್ಲ ಅನ್ನುವ ಊರಿನಲ್ಲಿ ಅಲ್ಲಿಗೆ ಹೋಗಿ ಉಣ್ಣುವುದು ಹೇಗೆ? ನನ್ನ ಪಾಲಿನ ಚಿಕ್ಕಿ, ಮೊಟ್ಟೆ ಅತ್ತಿಗೆಯ ಸೆರಗಿನಲ್ಲಿ ಬರುತ್ತಿತ್ತು.

ಒಬ್ಬ ಗೆಳತಿ, ದಿನಾ ರಾತ್ರಿ ಮೂರು ಒಳ್ಳೆಯ ಸಂಗತಿ ಡೈರಿಯಲ್ಲಿ ಬರಿ, ಮನಸ್ಸು ಹಗುರಾಗುತ್ತೆ ಅಂದಳು. ಅವಳಿಗೆ ಆಗಿರಬಹುದು. ನನಗೆ ಪೆನ್ನು ಹಿಡಿಯುವಷ್ಟರಲ್ಲಿ ನಿದ್ದೆ. ಮತ್ತೆ, ಡೈರಿಯಲ್ಲಿ ಬರೆದರೆ ಪಕ್ಕದ ಮನೆ ಆಂಟಿಗೆ ಏನು ಸಿಕ್ಕಿತು? ನಮ್ಮಲ್ಲಿ ಡಬ್ಬಿ ಖಾಲಿ ವಾಪಸ್ ಕೊಡಬಾರದು. ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯಾದರೂ ಹಾಕುತ್ತಾರೆ. ನನಗೆ ಈಗ ಚಕ್ಕುಲಿ ಸುತ್ತಿ ತುಂಬಿಸಲು ಆಗುವುದಿಲ್ಲ. ಅದಕ್ಕೆ ಸುಮ್ನೆ ದೊಡ್ಡಪತ್ರೆಯ ನಾಲ್ಕು ಕುಡಿ ಮುರಿದು ಹಾಕಿ ಕೊಡುತ್ತೇನೆ. ಮಣ್ಣಿಗೆ ಚುಚ್ಚಿದರೆ ಸಾಕು, ಬದುಕುತ್ತದೆ. ಆಂಟಿ ಮನೆ ಕುಂಡದಲ್ಲಿ ಈಗ ನಮ್ಮದಕ್ಕಿಂತ ಚೆನ್ನಾಗಿದೆ. ಮೊನ್ನೆ ಅದರದ್ದೇ ತಂಬುಳಿ ಮಾಡಿ ನನಗೇ ಕಳಿಸಿದರು, ಮತ್ತೊಂದು ಡಬ್ಬಿಯಲ್ಲಿ.

ಇವರು ಪಾತ್ರೆ ತೊಳೆಯುತ್ತಾರೆ, ಕಾಯಿ ತುರಿಯುತ್ತಾರೆ. ಅದನ್ನು ಕಂಡವರೆಲ್ಲ ನನಗೆ "ಪುಣ್ಯ ಮಾಡಿದ್ದೀಯ" ಅನ್ನುತ್ತಾರೆ. ಅವರ ಮಗಳಿಗೆ ಹಾಲು ಬೇಕು, ಹಾಲು ಬರಬೇಕಾದರೆ ನಾನು ಉಣ್ಣಬೇಕು. ಇದರಲ್ಲಿ ಪುಣ್ಯ ಎಲ್ಲಿ ಬಂತು?

ಮಗಳಿಗೆ ಆರು ತಿಂಗಳು ತುಂಬುತ್ತಾ ಬಂತು. ಅಲ್ಲಿಯವರೆಗೆ ಎದೆಹಾಲು ಬಿಟ್ಟು ಬೇರೇನೂ ಬೇಡ, ನೀರೂ ಬೇಡ. ಒಂದು ವರ್ಷದವರೆಗೆ ಜೇನುತುಪ್ಪ ನೆಕ್ಕಿಸುವುದೂ ಬೇಡ, ಎಷ್ಟು ದೊಡ್ಡವರು ಹೇಳಿದರೂ. ಆರು ತಿಂಗಳು ತುಂಬಿದ ಮೇಲೆ ರಾಗಿ ಸರಿ ಶುರು ಮಾಡಬೇಕು ಅಂತಿದ್ದೇನೆ. ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಹುರಿದು, ಪುಡಿ ಮಾಡಿ ತೆಳು ಬಟ್ಟೆಯಲ್ಲಿ ಸೋಸುವುದು. ಮೊಳಕೆ ಬಂದ ರಾಗಿಯ ಸರಿ ಅಷ್ಟು ಬೇಗ ಗಟ್ಟಿಯಾಗುವುದಿಲ್ಲ, ಹಾಗಾಗಿ ಸ್ವಲ್ಪ ಹೆಚ್ಚು ಹಿಟ್ಟು ಹಾಕಿದರೂ ಮಗು ನುಂಗುತ್ತದೆ. ಈ ಕೆಲಸವನ್ನು ಅರ್ಧಕ್ಕೆ ಬಿಟ್ಟು ಹೋಗಬಹುದು, ಮೊಳಕೆಗೆ ನಾನು ಎದುರಿಗೆ ಕೂರಬೇಕಾಗಿಲ್ಲ. ಮಳೆಯಲ್ಲಿ ಒಣಗಿಸುವುದೊಂದೇ ಕಷ್ಟ. ತವರಿನ ಬಚ್ಚಲ ಒಲೆಯ ಮೇಲಿನ ಅಟ್ಟ ಖಾಲಿ ಇದೆಯಂತೆ, ಅಮ್ಮ ಆಗಲೇ ರಾಗಿ ನೆನೆಹಾಕಿದ್ದಾಳೆ. ಸೋಸುವುದು ಇವರ ಪಾಲಿಗೆ.